ಯೂನಿಯನ್ ಗೇಟಿನಲ್ಲಿ ಯಾರ ಕಾರು? ಡೆಟ್ರಾಯಿಟ್‌ನ 2005ರ ಒಂದು ಪ್ರಕರಣ

ಡೆಟ್ರಾಯಿಟ್‌ನ ಈಸ್ಟ್ ಜೆಫರ್ಸನ್ ರಸ್ತೆಯಲ್ಲಿ, ನದಿಯ ದಂಡೆಗೆ ಸಾಲಿಡಾರಿಟಿ ಹೌಸ್ ಅಂತ ಒಂದು ಕಟ್ಟಡ ಇದೆ. ಅಮೆರಿಕದ ಕಾರು ಕಾರ್ಮಿಕರ ಸಂಘ ಯುನೈಟೆಡ್ ಆಟೋ ವರ್ಕರ್ಸ್‌ನ ಕೇಂದ್ರ ಕಚೇರಿ. ಜನ ಕರೆಯೋದು ಯುಎಡಬ್ಲ್ಯು ಅಂತ. 1951ರಲ್ಲಿ ಇದನ್ನು ಕಟ್ಟಿದ ಜಾಗದಲ್ಲಿ ಮೊದಲು ಹೆನ್ರಿ ಫೋರ್ಡ್ ಮಗ ಎಡ್ಸೆಲ್ ಫೋರ್ಡ್‌ನ ಮನೆ ಇತ್ತು. ಸಂಘವನ್ನು ಕಾರ್ಖಾನೆಯೊಳಗೆ ಬಿಡಬಾರದು ಅಂತ ಗೂಂಡಾಗಳನ್ನಿಟ್ಟು ಹೊಡೆಸಿದ್ದ ಕಂಪನಿಯ ಮನೆತನದ ಜಾಗದಲ್ಲೇ ಕಚೇರಿ ಕಟ್ಟಿದ್ದು ಕಾರ್ಮಿಕರಿಗೆ ಹೆಮ್ಮೆಯ ವಿಷಯ.

2005ರ ಮಾರ್ಚ್‌ನಲ್ಲಿ ಈ ಕಚೇರಿಯ ಪಾರ್ಕಿಂಗ್ ಜಾಗದ ವಿಷಯಕ್ಕೆ ದೇಶದ ಉದ್ದಗಲಕ್ಕೂ ಜನ ಸಂಘದ ಮೇಲೆ ಮುಗಿಬಿದ್ದರು.

ನಡೆದದ್ದು ಇಷ್ಟು. ಪಕ್ಕದಲ್ಲೇ ಅಮೆರಿಕದ ಮರೀನ್ ಎಂಬ ಸೇನಾಪಡೆಯ ಮೀಸಲು ವಿಭಾಗದ ಒಂದು ಕೇಂದ್ರ ಇತ್ತು. 24ನೇ ಮರೀನ್ ರೆಜಿಮೆಂಟಿನ 1ನೇ ಬೆಟಾಲಿಯನ್. ಮೀಸಲು ಪಡೆ ಅಂದರೆ ವಾರವೆಲ್ಲ ತಮ್ಮ ತಮ್ಮ ಕೆಲಸ ಮಾಡಿಕೊಂಡು, ಆಗಾಗ ವಾರಾಂತ್ಯದಲ್ಲಿ ಬಂದು ಕವಾಯತು ಮಾಡಿ ಹೋಗುವವರು. ಕಾರು ನಿಲ್ಲಿಸಲು ಅವರಿಗೆ ಜಾಗ ಸಾಲದು. ಶನಿವಾರ ಭಾನುವಾರ ಸಂಘದ ಜಾಗ ಖಾಲಿ ಬಿದ್ದಿರುತ್ತಿತ್ತು. ಹೀಗಾಗಿ ಸುಮಾರು ಹತ್ತು ವರ್ಷದಿಂದ ಸಂಘ ಅದನ್ನು ಅವರಿಗೆ ಬಿಟ್ಟುಕೊಟ್ಟಿತ್ತು. ನೆರೆಹೊರೆಯ ಸಂಬಂಧ, ಯಾರಿಗೂ ತೊಂದರೆ ಇರಲಿಲ್ಲ.

ಆ ಮಾರ್ಚ್‌ನಲ್ಲಿ ಸಂಘ ಇದ್ದಕ್ಕಿದ್ದಂತೆ ಎರಡು ಷರತ್ತು ಹಾಕಿತು. ವಿದೇಶಿ ಕಾರು ತಂದರೆ ಒಳಗೆ ಬಿಡಲ್ಲ. ಅಧ್ಯಕ್ಷ ಬುಷ್ ಪರ ಸ್ಟಿಕರ್ ಅಂಟಿಸಿದ ಕಾರನ್ನೂ ಬಿಡಲ್ಲ. ಯಾಕೆ ಅಂತ ಪತ್ರಕರ್ತರು ಕೇಳಿದಾಗ ಸಂಘ ಸಮಜಾಯಿಷಿ ಕೊಟ್ಟಿತು. ಯಾವ ಕಾರು ಓಡಿಸಬೇಕು, ಯಾವ ಸ್ಟಿಕರ್ ಹಚ್ಚಬೇಕು ಅನ್ನೋದು ಅವರಿಷ್ಟ, ಆದರೆ ಈ ಜಾಗ ನಮ್ಮ ಸದಸ್ಯರದು, ಇಲ್ಲಿ ನಿಲ್ಲಿಸುವ ಹಕ್ಕು ಅವರಿಗಿಲ್ಲ ಎಂಬ ಧಾಟಿ.

ಇರಾಕ್ ಯುದ್ಧ ಜೋರಾಗಿದ್ದ ಕಾಲ ಅದು. ಸುದ್ದಿ ಹೊರಬಿದ್ದದ್ದೇ ತಡ, ರೇಡಿಯೋ ಹರಟೆಯವರಿಗೆ ಹಬ್ಬ. ಫೋನು, ಇಮೇಲು, ಬೈಗುಳ. ಕೆಲವೇ ದಿನದಲ್ಲಿ ಸಂಘದ ಅಧ್ಯಕ್ಷ ರಾನ್ ಗೆಟಲ್‌ಫಿಂಗರ್ ನಿರ್ಧಾರ ವಾಪಸ್ ತಗೊಂಡರು. ತಪ್ಪು ತನ್ನದೇ ಅಂತ ಒಪ್ಪಿಕೊಂಡರು. ಎಲ್ಲ ಮರೀನರೂ ಮೊದಲಿನಂತೆ ಬಂದು ನಿಲ್ಲಿಸಬಹುದು ಅಂದರು. ಆದರೆ ಮರೀನರ ಕಡೆಯ ಅಧಿಕಾರಿ ಒಪ್ಪಲಿಲ್ಲ. ನಮ್ಮ ಪರ ಇದ್ದರೆ ಇರಿ, ಇಲ್ಲದಿದ್ದರೆ ಇಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿ ಬೇರೆ ಕಡೆ ಜಾಗ ನೋಡಿಕೊಂಡರು. ಮುಂದಿನ ವರ್ಷ ಅದೇ ಬೆಟಾಲಿಯನ್ ಇರಾಕಿನ ಫಲ್ಲೂಜಾಗೆ ಹೋಯಿತು.

ಘಟನೆ ಅಲ್ಲಿಗೆ ಮುಗಿಯಿತು. ಸಾಮಾನ್ಯವಾಗಿ ಇದನ್ನು ಸಂಘದ ಅಹಂಕಾರದ ಕಥೆಯಾಗಿ ಹೇಳುತ್ತಾರೆ. ನನಗೆ ಹಾಗೆ ಅನ್ನಿಸಲ್ಲ. ಅಹಂಕಾರ ಇದ್ದಿರಬಹುದು, ಆದರೆ ನಿಯಮವೇ ತಪ್ಪು ಜಾಗದಲ್ಲಿ ನಿಂತಿತ್ತು. ಕಾರಿನ ಮೂತಿ ಮೇಲಿನ ಲಾಂಛನ ನೋಡಿ ಕಾರ್ಮಿಕ ನಿಷ್ಠೆ ಅಳೆಯಲು ಹೊರಟಿತ್ತು.

ಸಂಘದ ಸಂಕಟ ಏನು

ಮೊದಲು ಸಂಘದ ಕಡೆಯ ಮಾತು ಕೇಳೋಣ. ಅವರದ್ದು ಸುಮ್ನೆ ಮೊಂಡುತನ ಅಲ್ಲ.

1979ರಲ್ಲಿ ಯುಎಡಬ್ಲ್ಯುಗೆ ಸುಮಾರು 15 ಲಕ್ಷ ಸದಸ್ಯರಿದ್ದರು. 2005ರ ಹೊತ್ತಿಗೆ ಅದು ಆರು ಲಕ್ಷದ ಆಸುಪಾಸಿಗೆ ಇಳಿದಿತ್ತು. ಒಂದೊಂದು ಕಾರ್ಖಾನೆ ಮುಚ್ಚಿದಾಗಲೂ ಬಾಗಿಲು ಹಾಕಿದ್ದು ಕಾರ್ಖಾನೆ ಮಾತ್ರ ಅಲ್ಲ. ಪಕ್ಕದ ಹೋಟೆಲ್ಲು, ಶಾಲೆ, ಕ್ಷೌರದಂಗಡಿ ಎಲ್ಲಕ್ಕೂ ಏಟು ಬಿತ್ತು. ಡೆಟ್ರಾಯಿಟ್ ಇರುವ ಮಿಶಿಗನ್ ರಾಜ್ಯದ ಫ್ಲಿಂಟ್ ಪಟ್ಟಣ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಹೊಳೆಯೋದೇ ಇಲ್ಲ. ನಿವೃತ್ತ ಕಾರ್ಮಿಕನ ಆಸ್ಪತ್ರೆ ಖರ್ಚು ಕಂಪನಿಯ ಲೆಕ್ಕಕ್ಕೆ ಹೋಗುತ್ತಿತ್ತು. ಸಂಘ ದಶಕಗಟ್ಟಲೆ ಹೋರಾಡಿ ಗೆದ್ದ ಸೌಲಭ್ಯ ಅದು. 2004ರಲ್ಲಿ ಜನರಲ್ ಮೋಟರ್ಸ್ (ಜಿಎಂ) ಒಂದೇ ಸುಮಾರು 11 ಲಕ್ಷ ಜನರ ಆರೋಗ್ಯಕ್ಕೆ 520 ಕೋಟಿ ಡಾಲರ್ ಖರ್ಚು ಮಾಡಿತು. ಅದರಲ್ಲಿ ಕೆಲಸದಲ್ಲಿದ್ದವರು, ನಿವೃತ್ತರು, ಅವರ ಮನೆಯವರು ಎಲ್ಲ ಸೇರಿದ್ದರು. ಒಂದು ಕಾರಿಗೆ ಹಂಚಿದರೆ ಹೆಚ್ಚುಕಮ್ಮಿ 1,500 ಡಾಲರ್. ಅಮೆರಿಕದಲ್ಲಿ ಹೊಸದಾಗಿ ಕಾರ್ಖಾನೆ ಹಾಕಿದ ಜಪಾನಿ ಕಂಪನಿಗೆ ಆ ಹೊರೆ ಇರಲಿಲ್ಲ. ಅಲ್ಲಿ ಇನ್ನೂ ಯಾರೂ ಮುದುಕರಾಗಿರಲಿಲ್ಲ, ಅಷ್ಟೇ.

ಅಂದರೆ ಪಕ್ಕದ ಮನೆಯವನು ಜಿಎಂನ ಷೆವರ್ಲೆ ಬಿಟ್ಟು ಟೊಯೋಟಾ ಕ್ಯಾಮ್ರಿ ಕೊಂಡರೆ, ಈಚೆ ಮನೆಯ ನಿವೃತ್ತನಿಗೆ ತನ್ನ ಔಷಧಿಯ ದುಡ್ಡಿಗೇ ಕೈ ಹಾಕಿದ ಹಾಗೆ ಅನ್ನಿಸುತ್ತಿತ್ತು. ಅವನ ಲೆಕ್ಕ ತಪ್ಪು ಅಂತ ಹೇಳೋಕಾಗಲ್ಲ. 2005ರಲ್ಲಿ ಜಿಎಂ ಸಾವಿರ ಕೋಟಿ ಡಾಲರಿಗೂ ಜಾಸ್ತಿ ನಷ್ಟ ಮಾಡಿಕೊಂಡಿತು. ಅಕ್ಟೋಬರ್‌ನಲ್ಲಿ ಬಿಡಿಭಾಗದ ಕಂಪನಿ ಡೆಲ್ಫೈ ದಿವಾಳಿ ಅರ್ಜಿ ಹಾಕಿತು. ನವೆಂಬರ್‌ನಲ್ಲಿ ಜಿಎಂ 30,000 ಕೆಲಸ ಕಡಿತ ಮಾಡುವುದಾಗಿ ಹೇಳಿತು. ಮಾರ್ಚ್‌ನ ಆ ಷರತ್ತಿನ ಹಿಂದೆ ಇಂಥ ಭಯ ಇತ್ತು.

ಜೊತೆಗೆ ಆ ಪಾರ್ಕಿಂಗ್ ಜಾಗ ಸದಸ್ಯರ ಚಂದಾ ಹಣದ್ದು. ನನ್ನ ದುಡ್ಡಲ್ಲಿ ಹಾಕಿಸಿದ ಡಾಂಬರಿನ ಮೇಲೆ ನನ್ನ ಕೆಲಸ ಕಿತ್ತ ಕಾರು ಯಾಕೆ ನಿಲ್ಲಬೇಕು ಅಂತ ಸದಸ್ಯ ಕೇಳಿದರೆ, ಸಂಘದ ಮುಖಂಡ ಏನು ಹೇಳಬೇಕು?

ಈ ಸಿಟ್ಟಿಗೆ ಹಳೆಯ ಬೇರು ಇದೆ

1980ರ ಆಸುಪಾಸಿನಲ್ಲಿ ಪೆಟ್ರೋಲ್ ದುಬಾರಿ ಆಯಿತು, ಬಡ್ಡಿ ಏರಿತು, ಜನ ಸಣ್ಣ ಜಪಾನಿ ಕಾರಿಗೆ ತಿರುಗಿದರು. ಲಕ್ಷಗಟ್ಟಲೆ ಕಾರ್ಮಿಕರಿಗೆ ಲೇಆಫ್ ಆಯಿತು. ಸಾಲಿಡಾರಿಟಿ ಹೌಸ್‌ನ ಪಾರ್ಕಿಂಗ್‌ನಲ್ಲೇ ಒಂದು ಫಲಕ ಬಂತು. ಲೇಆಫ್ ಆದ ಮೂರು ಲಕ್ಷ ಸದಸ್ಯರಿಗೆ ನಿಮ್ಮ ಆಮದು ಕಾರು ಇಷ್ಟ ಇಲ್ಲ, ದಯವಿಟ್ಟು ಟೋಕಿಯೋದಲ್ಲಿ ನಿಲ್ಲಿಸಿಕೊಳ್ಳಿ ಅಂತ ಅದರ ತಾತ್ಪರ್ಯ. ಕೆಲವು ಕಡೆ ಹಳೆಯ ಟೊಯೋಟಾ ತಂದು ನಿಲ್ಲಿಸಿ, ದುಡ್ಡು ಕೊಟ್ಟವರಿಗೆ ಸುತ್ತಿಗೆ ಏಟು ಹಾಕಲು ಬಿಡುತ್ತಿದ್ದರು.

ಇದೇ ಸಿಟ್ಟು 1982ರ ಜೂನ್‌ನಲ್ಲಿ ಒಂದು ಜೀವ ತೆಗೆಯಿತು. ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕ್‌ನಲ್ಲಿ ವಿನ್ಸೆಂಟ್ ಚಿನ್ ಎಂಬ 27 ವರ್ಷದ ಹುಡುಗನನ್ನು ಇಬ್ಬರು ಬೇಸ್‌ಬಾಲ್ ಬ್ಯಾಟಿನಿಂದ ಬಡಿದರು. ನಾಲ್ಕು ದಿನದ ಮೇಲೆ ತೀರಿಕೊಂಡ. ಹೊಡೆದವರಲ್ಲಿ ಒಬ್ಬ ಕ್ರೈಸ್ಲರ್ ಕಾರ್ಖಾನೆಯ ಮೇಲ್ವಿಚಾರಕ, ಇನ್ನೊಬ್ಬ ಅವನ ಮಲಮಗ, ಕಾರು ಉದ್ಯಮದಲ್ಲಿ ಕೆಲಸ ಕಳೆದುಕೊಂಡವನು. ನಿಮ್ಮಂಥವರಿಂದಲೇ ನಮ್ಮ ಕೆಲಸ ಹೋಯಿತು ಅಂತ ಬೈದದ್ದನ್ನು ಕೇಳಿದೆ ಎಂದು ಅಲ್ಲಿದ್ದ ಸಾಕ್ಷಿ ಹೇಳಿದ್ದಳು. ಚಿನ್ ಜಪಾನಿಯೇ ಅಲ್ಲ, ಚೀನೀ ಮೂಲದ ಅಮೆರಿಕದ ಹುಡುಗ. ಮರುವರ್ಷ ಕೋರ್ಟು ಅವರಿಬ್ಬರಿಗೆ ಕೊಟ್ಟಿದ್ದು ಮೂರು ವರ್ಷದ ಪ್ರೊಬೇಷನ್, 3,000 ಡಾಲರ್ ದಂಡ. ಜೈಲಿಲ್ಲ. ಇದು ಸಂಘ ಮಾಡಿಸಿದ್ದಲ್ಲ. ಆದರೆ ಕಾರಿನ ಮೇಲಿನ ಸಿಟ್ಟು ಮುಖದ ಮೇಲಿನ ಸಿಟ್ಟಾಗಲು ಎಷ್ಟು ಹೊತ್ತು ಬೇಕು ಅನ್ನೋದು ಆ ಊರಿನ ಏಷ್ಯಾ ಮೂಲದವರಿಗೆ ಅವತ್ತೇ ಗೊತ್ತಾಯಿತು. ಇವತ್ತು ಡೆಟ್ರಾಯಿಟ್ ಸುತ್ತಲಿನ ಟ್ರಾಯ್, ನೋವೈ, ಕ್ಯಾಂಟನ್ ಕಡೆ ಇರುವ ನಮ್ಮ ಕನ್ನಡದ ಎಂಜಿನಿಯರುಗಳಲ್ಲಿ ಎಷ್ಟೋ ಜನ ಇದೇ ಕಾರು ಕಂಪನಿಗಳ ಅನ್ನ ತಿನ್ನುತ್ತಿದ್ದಾರೆ. ಅವರಿಗೂ ಈ ಹೆಸರು ಗೊತ್ತಿರಬೇಕು.

ಆಗ ಸಂಘ ಬರೀ ಬೈದುಕೊಂಡು ಕೂತಿರಲಿಲ್ಲ. 1980ರಲ್ಲಿ ಅಧ್ಯಕ್ಷ ಡಗ್ಲಸ್ ಫ್ರೇಸರ್ ಜಪಾನಿಗೇ ಹೋದರು. ಇಲ್ಲಿ ಮಾರುವ ಕಾರನ್ನು ಇಲ್ಲೇ ಮಾಡಿ ಅಂತ ಟೊಯೋಟಾ, ನಿಸ್ಸಾನ್‌ನವರಿಗೆ ಹೇಳಿಬಂದರು. ಅತ್ತ ಸರ್ಕಾರದ ಒತ್ತಡಕ್ಕೆ ಜಪಾನ್ 1981ರಿಂದ ವರ್ಷಕ್ಕೆ 16.8 ಲಕ್ಷ ಕಾರಿಗಿಂತ ಜಾಸ್ತಿ ಕಳಿಸಲ್ಲ ಅಂತ ಒಪ್ಪಿಕೊಂಡಿತು. ಬಿಡಿಭಾಗಗಳಲ್ಲಿ ಇಂತಿಷ್ಟು ಪಾಲು ಅಮೆರಿಕದ್ದೇ ಇರಬೇಕು ಅನ್ನೋ ಮಸೂದೆ 1982, 1983ರಲ್ಲಿ ಕೆಳಮನೆ ದಾಟಿತು, ಸೆನೆಟ್ ದಾಟಲೇ ಇಲ್ಲ.

ಕೇಳಿದ್ದು ಸಿಕ್ಕಿತು, ಆದರೆ ಕೇಳಿದ ಹಾಗೆ ಸಿಗಲಿಲ್ಲ. ಹೋಂಡಾ 1982ರಲ್ಲಿ ಓಹಾಯೋದ ಮೇರಿಸ್ವಿಲ್‌ನಲ್ಲಿ ಕಾರು ಮಾಡಲು ಶುರು ಮಾಡಿತು. ನಿಸ್ಸಾನ್ 1983ರಲ್ಲಿ ಟೆನೆಸ್ಸಿಯ ಸ್ಮರ್ನಾದಲ್ಲಿ (ಮೊದಲು ಪಿಕಪ್ ಟ್ರಕ್ಕು, ಆಮೇಲೆ ಕಾರು), ಟೊಯೋಟಾ 1988ರಲ್ಲಿ ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ. ಹೊಲಗದ್ದೆ ನಡುವೆ, ಡೆಟ್ರಾಯಿಟ್‌ನಿಂದ ದೂರ, ಸಂಘದ ಗಾಳಿ ಬೀಸದ ಕಡೆ ಜಾಗ ಆರಿಸಿಕೊಂಡರು. 1989ರಲ್ಲಿ ಸ್ಮರ್ನಾದ ಕಾರ್ಮಿಕರು ಮತ ಹಾಕಿ ಯುಎಡಬ್ಲ್ಯು ಬೇಡ ಅಂದರು. ಕಾರು ಅಮೆರಿಕದ್ದೇ, ಕಾರ್ಮಿಕ ಅಮೆರಿಕದವನೇ, ಆದರೆ ಸಂಘದ ಚೀಟಿ ಮಾತ್ರ ಇಲ್ಲ. ಇಂಥ ಕಾರಿಗೆ ಏನನ್ನಬೇಕು? ಅಷ್ಟು ವರ್ಷ ಕಳೆದರೂ ಪಾರ್ಕಿಂಗ್ ನಿಯಮಕ್ಕೆ ಈ ಪ್ರಶ್ನೆ ಹೊಳೆದಿರಲೇ ಇಲ್ಲ.

ಗೇಟಿನ ಕಾವಲುಗಾರನ ಜಾಗದಲ್ಲಿ ನಿಂತು ನೋಡಿ

2005ರಲ್ಲಿ ರಸ್ತೆ ಮೇಲೆ ಓಡುತ್ತಿದ್ದ ಕೆಲವು ಕಾರುಗಳನ್ನು ಒಂದೊಂದಾಗಿ ಆ ಗೇಟಿಗೆ ತಂದು ನಿಲ್ಲಿಸೋಣ. ಕಾವಲುಗಾರನಿಗೆ ಕಾಣೋದು ಮುಂದಿನ ಲಾಂಛನ. ನಾವು ಇನ್ನೊಂದನ್ನೂ ನೋಡೋಣ. ಡ್ರೈವರ್ ಕಡೆಯ ಮುಂಗಾಜಿನ ಕೆಳಮೂಲೆಯಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ, ಹೊರಗಿನಿಂದಲೇ ಓದಬಹುದಾದ ಒಂದು ಪಟ್ಟಿ ಇರುತ್ತೆ. 17 ಅಕ್ಷರ ಮತ್ತು ಅಂಕಿಗಳ ಗುರುತಿನ ಸಂಖ್ಯೆ. ಮೊದಲನೆಯದು 1, 4 ಅಥವಾ 5 ಆದರೆ ಕಾರು ತಯಾರಾಗಿದ್ದು ಅಮೆರಿಕದಲ್ಲಿ. 2 ಕೆನಡಾ, 3 ಮೆಕ್ಸಿಕೊ, 6 ಆಸ್ಟ್ರೇಲಿಯಾ, ಜೆ ಜಪಾನ್, ಕೆ ಕೊರಿಯಾ.

ಮೊದಲು ಬಂದಿದ್ದು ಪಾಂಟಿಯಾಕ್ ಜಿಟಿಒ. ಅಮೆರಿಕದ ಗಂಡುಗಾಡಿ ಅಂತ 60ರ ದಶಕದಿಂದ ಹೆಸರು ಮಾಡಿದ ಮಾಡೆಲ್ಲು. ಕಾವಲುಗಾರ ಸಲ್ಯೂಟ್ ಹೊಡೆದು ಬಿಡುತ್ತಾನೆ. ಸಂಖ್ಯೆ ನೋಡಿ, ಶುರುವಾಗೋದು 6ರಿಂದ. ಆಸ್ಟ್ರೇಲಿಯಾದಲ್ಲಿ ಜಿಎಂನ ಹೋಲ್ಡನ್ ಕಾರ್ಖಾನೆ ಮಾಡಿ ಹಡಗಿನಲ್ಲಿ ಕಳಿಸಿದ ಕಾರು. ಅದರ ಹಿಂದೆ ಷೆವರ್ಲೆ ಅವಿಯೋ. ಸಂಖ್ಯೆ ಕೆ ಇಂದ ಶುರು, ಅಂದರೆ ಕೊರಿಯಾ. ಅದರ ಹಿಂದೆ ಕ್ರೈಸ್ಲರ್ ಪಿಟಿ ಕ್ರೂಸರ್. ಸಂಖ್ಯೆ 3. ಮೆಕ್ಸಿಕೊದ ತೊಲೂಕಾ. ಮೂರೂ ಒಳಗೆ. ಮೂರರಲ್ಲಿ ಒಂದನ್ನೂ ಯುಎಡಬ್ಲ್ಯು ಸದಸ್ಯ ಜೋಡಿಸಿಲ್ಲ.

ಈಗ ಮಜ್ದಾ 6 ಬಂತು. ಜಪಾನಿ ಹೆಸರು, ಆಚೆ ಹೋಗು ಅನ್ನಬೇಕು. ಆದರೆ ಅದು ತಯಾರಾಗಿದ್ದು ಅದೇ ಮಿಶಿಗನ್ನಿನ ಫ್ಲಾಟ್ ರಾಕ್‌ನಲ್ಲಿ. ಸಾಲಿಡಾರಿಟಿ ಹೌಸ್‌ನಿಂದ ಕಾರಿನಲ್ಲಿ ಅರ್ಧ ಗಂಟೆ ದಾರಿ. ಜೋಡಿಸಿದವರು ಯುಎಡಬ್ಲ್ಯು ಸದಸ್ಯರು. ಅದೇ ಕಾರ್ಖಾನೆಯಲ್ಲಿ, ಅದೇ ಸದಸ್ಯರು ಆ ವರ್ಷ ಫೋರ್ಡ್ ಮಸ್ಟಾಂಗನ್ನೂ ಮಾಡುತ್ತಿದ್ದರು. ಬೆಳಿಗ್ಗೆ ಒಂದೇ ಕೈ ಎರಡು ಕಾರಿಗೂ ಬೋಲ್ಟು ಬಿಗಿದಿದೆ. ಒಂದು ಒಳಗೆ, ಒಂದು ಹೊರಗೆ.

ಇನ್ನು ಟೊಯೋಟಾ ಕರೊಲ್ಲಾ. ಇಲ್ಲಿ ವಿಷಯ ನಿಜವಾಗಿ ಸ್ವಾರಸ್ಯ. ಒಂದೇ ಬಣ್ಣದ, ಒಂದೇ ವರ್ಷದ ಎರಡು ಕರೊಲ್ಲಾ ಅಕ್ಕಪಕ್ಕ ನಿಲ್ಲಿಸಿ. ಒಂದರ ಸಂಖ್ಯೆ 1ಎನ್ಎಕ್ಸ್ ಅಂತ ಶುರು. ಇನ್ನೊಂದರದ್ದು 2ಟಿ1. ಮೊದಲನೆಯದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನದ್ದು, ಯುಎಡಬ್ಲ್ಯು ಸದಸ್ಯರು ಮಾಡಿದ್ದು. ಎರಡನೆಯದು ಕೆನಡಾದ ಕೇಂಬ್ರಿಜ್‌ನದ್ದು, ಸಂಘ ಇಲ್ಲದ ಕಾರ್ಖಾನೆ. ಹೊರಗಿನಿಂದ ನೋಡಿದರೆ ಅವರ ಅಪ್ಪನಾಣೆಗೂ ವ್ಯತ್ಯಾಸ ಗೊತ್ತಾಗಲ್ಲ.

ಮೊದಲ ಅಂಕಿ ನೋಡಿದರೆ ಸಾಕಲ್ವಾ ಅಂತ ಕೇಳಬಹುದು. ಸಾಲದು. ಮೇರಿಸ್ವಿಲ್‌ನ ಹೋಂಡಾ ಅಕಾರ್ಡ್‌ಗೂ 1, ಜಾರ್ಜ್‌ಟೌನ್‌ನ ಕ್ಯಾಮ್ರಿಗೆ 4. ಎರಡೂ ಅಮೆರಿಕದ್ದೇ, ಎರಡರಲ್ಲೂ ಸಂಘ ಇಲ್ಲ. ಯಾವ ಕಾರ್ಖಾನೆ ಅನ್ನೋದು ತಿಳಿಯಬೇಕಾದರೆ 11ನೇ ಅಕ್ಷರಕ್ಕೆ ಹೋಗಬೇಕು. ಗೇಟಿನಲ್ಲಿ ನಿಂತವನು ಬಗ್ಗಿ, ಗಾಜು ಒರೆಸಿ, 11ನೇ ಅಕ್ಷರ ಓದಿ, ಕೈಯಲ್ಲಿರುವ ಪಟ್ಟಿ ತೆಗೆದು ತಾಳೆ ನೋಡಬೇಕು. ಹಿಂದೆ ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿರುತ್ತಾರೆ. ಆಗೋ ಮಾತಲ್ಲ. ಅದಕ್ಕೇ ಲಾಂಛನ ನೋಡಿ ಬಿಡೋದು. ಸುಲಭವಾಗಿ ಕಾಣೋದನ್ನೇ ನಿಯಮ ಮಾಡಿಕೊಂಡರು. ಕಾಣಬೇಕಾದದ್ದು ಎಲ್ಲೋ ಉಳಿಯಿತು.

ಫ್ರೀಮಾಂಟ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಅದು ಮೊದಲು ಜಿಎಂ ಕಾರ್ಖಾನೆ. ಗೈರುಹಾಜರಿ, ಜಗಳ, ಕಳಪೆ ಕಾರು ಅಂತ ಕೆಟ್ಟ ಹೆಸರು. 1982ರಲ್ಲಿ ಮುಚ್ಚಿಬಿಟ್ಟರು. 1984ರಲ್ಲಿ ಜಿಎಂ ಮತ್ತು ಟೊಯೋಟಾ ಕೂಡಿ ಅದನ್ನೇ ಮತ್ತೆ ತೆರೆದರು. ಹೆಸರು ನುಮ್ಮಿ. ಆಡಳಿತ ಟೊಯೋಟಾದ್ದು, ಕಾರ್ಮಿಕರು ಬಹುಪಾಲು ಹಳಬರೇ, ಸಂಘ ಅದೇ ಯುಎಡಬ್ಲ್ಯು. ಹತ್ತಾರು ಬಗೆಯ ಹುದ್ದೆ ಇದ್ದದ್ದನ್ನು ಸಂಘ ಬಿಟ್ಟುಕೊಟ್ಟು ನಾಲ್ಕಾರಕ್ಕೆ ಇಳಿಸಲು ಒಪ್ಪಿತು. ತಪ್ಪು ಕಂಡರೆ ಕಾರ್ಮಿಕನೇ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು ಅಂತಾಯಿತು. ಸ್ವಲ್ಪ ದಿನದಲ್ಲೇ ಅಲ್ಲಿಂದ ಹೊರಬಂದ ಕಾರಿನ ಗುಣಮಟ್ಟ ಜಪಾನಿನ ಕಾರ್ಖಾನೆಗಳ ಹತ್ತಿರ ಬಂತು. ಕಾರ್ಮಿಕ ಸೋಮಾರಿ, ಸಂಘ ಹಾಳು ಅಂತ ದೂರುತ್ತಿದ್ದವರಿಗೆ ಅದು ಸರಿಯಾದ ಉತ್ತರ. ಸಂಘದ ಹೆಮ್ಮೆ ಅಂತ ಕರೆಯಬೇಕಾದ ಕಾರು ಅದು. ಸಂಘದ ಕಚೇರಿ ಗೇಟಿನಲ್ಲಿ ಮಾತ್ರ ಅದು ಪರದೇಶಿ.

ಮಾಲೀಕ ಯಾರು ಅಂತ ನೋಡಿದರೂ ಬಗೆಹರಿಯಲ್ಲ

ಲಾಭ ಯಾರ ಜೇಬಿಗೆ ಹೋಗುತ್ತೆ ಅನ್ನೋದು ಇನ್ನೊಂದು ವಾದ. ಟೊಯೋಟಾ ಎಲ್ಲೇ ಮಾಡಲಿ, ದುಡ್ಡು ಜಪಾನಿಗೆ ತಾನೇ ಹೋಗೋದು? ಸರಿ. ಆದರೆ 2005ರಲ್ಲಿ ಕ್ರೈಸ್ಲರ್ ಯಾರದ್ದು? 1998ರಲ್ಲೇ ಅದು ಜರ್ಮನಿಯ ಡೈಮ್ಲರ್ ಜೊತೆ ಸೇರಿ, ಕೇಂದ್ರ ಕಚೇರಿ ಸ್ಟುಟ್‌ಗಾರ್ಟ್ ಆಗಿತ್ತು. ಜೀಪು, ಡಾಡ್ಜು ಎಲ್ಲದರ ಲಾಭ ಅಟ್ಲಾಂಟಿಕ್ ದಾಟುತ್ತಿತ್ತು. ಆದರೂ ಜೀಪಿಗೆ ಗೇಟು ಸದಾ ತೆರೆದಿತ್ತು. ಕಾರಣ ಸರಳ, ಅದನ್ನು ಮಾಡುವವರು ಯುಎಡಬ್ಲ್ಯು ಸದಸ್ಯರು. ಅಂದರೆ ಸಂಘದ ಮನಸ್ಸಿನಲ್ಲಿ ಇದ್ದದ್ದು ದೇಶವೂ ಅಲ್ಲ, ಮಾಲೀಕನೂ ಅಲ್ಲ, ಸದಸ್ಯನ ಕೈ. ಅದನ್ನೇ ನೆಟ್ಟಗೆ ಬರೆದು ಹಾಕಿದ್ದರೆ ಅರ್ಧ ಗಲಾಟೆ ಇರುತ್ತಿರಲಿಲ್ಲ.

ಮರುವರ್ಷ ಇದೇ ಗೊಂದಲ ಕಂಪನಿ ಕಡೆಯಿಂದ ಬಂತು. 2006ರ ಆರಂಭದಲ್ಲಿ ಡಿಯರ್‌ಬಾರ್ನ್‌ನ ಫೋರ್ಡ್ ಟ್ರಕ್ ಕಾರ್ಖಾನೆಯಲ್ಲಿ, ಬೇರೆ ಕಂಪನಿಯ ಕಾರು ತರುವ ಕಾರ್ಮಿಕರು ರಸ್ತೆಯಾಚೆ ನಿಲ್ಲಿಸಿ ನಡೆದು ಬರಬೇಕು ಅಂತ ಫೋರ್ಡ್ ಹೇಳಿತು. ಮಿಶಿಗನ್ನಿನ ಫೆಬ್ರವರಿ ಚಳಿಯಲ್ಲಿ! ಆಗ ಸ್ವೀಡನ್ನಿನ ವೋಲ್ವೋ, ಇಂಗ್ಲೆಂಡಿನ ಜಾಗ್ವಾರ್, ಲ್ಯಾಂಡ್ ರೋವರ್ ಫೋರ್ಡ್ ಕೈಯಲ್ಲಿದ್ದವು. ಆ ಲೆಕ್ಕದಲ್ಲಿ ಜಾಗ್ವಾರ್ ಮನೆಯದ್ದು. ಅದೇ ಸಂಘದ ಇನ್ನೊಂದು ಶಾಖೆಯ ಸದಸ್ಯ ಮಾಡಿದ ಷೆವರ್ಲೆ ಹೊರಗಿನದು. ಕಂಪನಿ ನಿಷ್ಠೆ ಮತ್ತು ಸಂಘ ನಿಷ್ಠೆ ಬೇರೆ ಬೇರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಅಂದ ಹಾಗೆ, ಎರಡೇ ವರ್ಷಕ್ಕೆ ಆ ಜಾಗ್ವಾರ್, ಲ್ಯಾಂಡ್ ರೋವರ್ ಎರಡೂ ಟಾಟಾ ಮೋಟರ್ಸ್ ಪಾಲಾದವು.

ನಮ್ಮ ಕಡೆ ಈ ಗೊಂದಲ ಬೇರೆ ರೂಪದಲ್ಲಿದೆ. 1999ರ ಕೊನೆಗೆ ಬಿಡದಿಯಲ್ಲಿ ಕ್ವಾಲಿಸ್ ತಯಾರಾಗಲು ಶುರುವಾದಾಗಿನಿಂದ ರಾಮನಗರ ಕಡೆಯವರಿಗೆ ಟೊಯೋಟಾ ಅಂದರೆ ಬಿಡದಿ ಫ್ಯಾಕ್ಟರಿ. ಇನ್ನೋವಾವನ್ನು ಯಾರೂ ಫಾರಿನ್ ಕಾರು ಅನ್ನಲ್ಲ. 2006ರ ಜನವರಿಯಲ್ಲಿ ಅಲ್ಲಿ ಮುಷ್ಕರ, ಲಾಕೌಟ್ ಆದಾಗ ಜಗಳ ಇದ್ದದ್ದು ಕೆಲಸದಿಂದ ತೆಗೆದವರ ಬಗ್ಗೆ, ಸಂಘದ ಮಾತಿಗೆ ಬೆಲೆ ಇದೆಯೋ ಇಲ್ಲವೋ ಅನ್ನೋದರ ಬಗ್ಗೆ. ಕಾರಿನ ಜಾತಿ ಯಾವುದು ಅನ್ನೋದು ಪ್ರಶ್ನೆಯೇ ಆಗಲಿಲ್ಲ.

ಸ್ಟಿಕರ್ ಸೇರಿಸಿ ಕೆಟ್ಟರು

ಕಾರಿನ ಷರತ್ತು ಒಂದೇ ಇದ್ದಿದ್ದರೆ ಸಂಘ ಹೇಗೋ ದಡ ಸೇರುತ್ತಿತ್ತು ಅಂತ ನನ್ನ ಅಂದಾಜು. ಆಮದು ಕಾರು ಬೇಡ ಅನ್ನೋ ಫಲಕ ಸಂಘದ ಕಚೇರಿಗಳಲ್ಲಿ ಹೊಸದಲ್ಲ. ಡೆಟ್ರಾಯಿಟ್‌ನವರಿಗೆ ಅದು ಬೇಸರ ತಂದರೂ ಅರ್ಥವಾಗುವ ವಿಷಯ. ಬುಷ್ ಸ್ಟಿಕರ್ ಸೇರಿಸಿದ ಕೂಡಲೇ ಅರ್ಥವೇ ಬದಲಾಯಿತು. ಹೊಟ್ಟೆಪಾಡಿನ ಮಾತು ಪಕ್ಷದ ಮಾತಾಯಿತು. ಸಂಘದ ಸ್ವಂತ ಸದಸ್ಯರಲ್ಲೇ ಬುಷ್‌ಗೆ ಮತ ಹಾಕಿದವರು ಬೇಕಾದಷ್ಟು ಜನ ಇದ್ದರು. ಮೀಸಲು ಪಡೆಯಲ್ಲಿ ಕಾರ್ಮಿಕರ ಮನೆಯ ಮಕ್ಕಳೂ ಇರುತ್ತಾರೆ ಅನ್ನೋದನ್ನು ಮರೆಯುವಂತಿಲ್ಲ. ಯುದ್ಧಕ್ಕೆ ಹೋಗಲಿರುವ ಹುಡುಗನಿಗೆ, ನಿನ್ನ ಸ್ಟಿಕರ್ ಸರಿಯಿಲ್ಲ, ಆಚೆ ನಿಲ್ಲಿಸು ಅಂದರೆ ಯಾವ ಊರಿನಲ್ಲಾದರೂ ಜನ ಸುಮ್ಮನಿರುತ್ತಾರಾ?

ಗೆಟಲ್‌ಫಿಂಗರ್ ಬೇಗ ಹಿಂದೆ ಸರಿದದ್ದು ಜಾಣತನ. ಬೇರೆಯವರ ಮೇಲೆ ಹಾಕದೆ ತಾವೇ ಹೊತ್ತುಕೊಂಡದ್ದು ದೊಡ್ಡತನ. ಆದರೆ ಅವರು ವಾಪಸ್ ತಗೊಂಡಿದ್ದು ಮರೀನರ ಮಟ್ಟಿಗಿನ ಷರತ್ತನ್ನು. ಅದರ ಹಿಂದಿದ್ದ ಯೋಚನೆಯನ್ನು ಯಾರೂ ಮುಟ್ಟಲಿಲ್ಲ. ಅದೇ ಹೊತ್ತಿನಲ್ಲಿ, ಸಂಘ ಅಸಲಿಗೆ ಬಯಸಿದ್ದು ಸದಸ್ಯರು ಮಾಡಿದ ಕಾರಿಗೆ ಬೆಲೆ ಸಿಗಲಿ ಅಂತ, ಬನ್ನಿ, ಪಟ್ಟಿ ಇಲ್ಲಿದೆ, ಅದರಲ್ಲಿ ಮಜ್ದಾ ಇದೆ, ಫ್ರೀಮಾಂಟ್ ಕರೊಲ್ಲಾ ಇದೆ ಅಂದಿದ್ದರೆ ಒಂದು ಪಾಠವೇ ಆಗುತ್ತಿತ್ತು.

ಯಾಕೆಂದರೆ ಆ ಪಟ್ಟಿ ಸಂಘದ ಹತ್ತಿರ ಇತ್ತು. ಈಗಲೂ ಇದೆ. ಸದಸ್ಯರು ತಯಾರಿಸುವ ಕಾರು, ಟ್ರಕ್ಕುಗಳ ಪಟ್ಟಿಯನ್ನು ಯುಎಡಬ್ಲ್ಯು ವರ್ಷ ವರ್ಷ ಕೊಡುತ್ತೆ. ಒಂದೇ ಮಾಡೆಲ್ಲು ಎರಡು ದೇಶದಲ್ಲಿ ತಯಾರಾದರೆ ಸಂಖ್ಯೆ ನೋಡಿ ಕೊಳ್ಳಿ ಅಂತ ಎಚ್ಚರಿಸುತ್ತೆ. 1992ರ ಕಾನೂನಿನ ಪ್ರಕಾರ ಅಮೆರಿಕದಲ್ಲಿ ಮಾರುವ ಪ್ರತಿ ಹೊಸ ಕಾರಿನ ಮೇಲೂ ಒಂದು ಚೀಟಿ ಇರಬೇಕು. ಬಿಡಿಭಾಗಗಳಲ್ಲಿ ಅಮೆರಿಕ ಮತ್ತು ಕೆನಡಾದ ಪಾಲು ಶೇಕಡಾ ಎಷ್ಟು, ಕಾರು ಜೋಡಿಸಿದ್ದು ಯಾವ ಊರಲ್ಲಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಯಾವ ದೇಶದ್ದು, ಎಲ್ಲ ಅದರಲ್ಲಿ ಇರುತ್ತೆ. ಮಾರಾಟಗಾರ ಅದರ ಬಗ್ಗೆ ಬಾಯಿ ಬಿಡಲ್ಲ. ಕೊಳ್ಳುವವರೂ ಓದಲ್ಲ, ಬೆಲೆ ನೋಡಿ ಮೈಲೇಜ್ ನೋಡಿ ಮುಂದೆ ಹೋಗುತ್ತಾರೆ. ಅಮೆರಿಕ ಮತ್ತು ಕೆನಡಾವನ್ನು ಒಟ್ಟಿಗೆ ಎಣಿಸುವುದು ಆ ಚೀಟಿಯ ಒಂದು ಕೊರತೆ. ಸಂಘ ಇದೆಯೋ ಇಲ್ಲವೋ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ, ಅದು ಇನ್ನೂ ದೊಡ್ಡ ಕೊರತೆ. ಪಟ್ಟಿ ಮತ್ತು ಚೀಟಿ ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದರೆ ಮಾತ್ರ ಪೂರ್ತಿ ಚಿತ್ರ ಸಿಗುತ್ತೆ.

ಆಮೇಲೆ ಏನಾಯಿತು

2009ರಲ್ಲಿ ಜಿಎಂ ದಿವಾಳಿಯಾದಾಗ ನುಮ್ಮಿಯಿಂದ ಕೈ ತೆಗೆಯಿತು. 2010ರ ಏಪ್ರಿಲ್‌ನಲ್ಲಿ ಟೊಯೋಟಾ ಫ್ರೀಮಾಂಟ್ ಬಾಗಿಲು ಹಾಕಿತು. ಯುಎಡಬ್ಲ್ಯು ಇದ್ದ ಟೊಯೋಟಾ ಕಾರ್ಖಾನೆ ಅದೊಂದೇ. ಕಾರ್ಮಿಕರು ಬೀದಿಗೆ ಬಂದರು. ಆ ಜಾಗವನ್ನು ಕೊಂಡಿದ್ದು ಟೆಸ್ಲಾ. ಈಗ ಅದೇ ಷೆಡ್ಡಿನಿಂದ ಹೊರಬರುವ ಟೆಸ್ಲಾ ಕಾರುಗಳಲ್ಲಿ ಅಮೆರಿಕದ ಪಾಲು ಬೇರೆ ಎಷ್ಟೋ ಕಾರಿಗಿಂತ ಜಾಸ್ತಿ. ಹೆಸರು ಅಮೆರಿಕದ್ದು, ಕಂಪನಿ ಅಮೆರಿಕದ್ದು, ಕಾರ್ಖಾನೆ ಅಮೆರಿಕದ್ದು, ಸಂಘ ಇಲ್ಲ. ಸ್ವದೇಶಿ ಕಾರು ಅಂದರೆ ಸಂಘದ ಕಾರು ಅನ್ನೋ ಹಳೆಯ ಸಮೀಕರಣ ಅಲ್ಲಿಗೆ ಪೂರ್ತಿ ಮುರಿದುಬಿತ್ತು.

ಸಂಘದ ನಾಯಕತ್ವವೂ ಬದಲಾಯಿತು. 2023ರ ಶರತ್ಕಾಲದಲ್ಲಿ ಅಧ್ಯಕ್ಷ ಶಾನ್ ಫೇನ್ ಮುಂದಾಳತ್ವದಲ್ಲಿ ಮೂರೂ ಡೆಟ್ರಾಯಿಟ್ ಕಂಪನಿಗಳ ಮೇಲೆ ಒಟ್ಟಿಗೆ ಮುಷ್ಕರ ಹೂಡಿ, ನಾಲ್ಕೂವರೆ ವರ್ಷದ ಅವಧಿಗೆ ಮೂಲ ವೇತನದಲ್ಲಿ ಶೇಕಡಾ 25ರ ಏರಿಕೆ ಗೆದ್ದರು. ಅದರ ಬೆನ್ನಿಗೇ ಟೊಯೋಟಾ, ಹೋಂಡಾ, ಹ್ಯುಂಡೈ ಕೂಡ ತಮ್ಮ ಸಂಘವಿಲ್ಲದ ಅಮೆರಿಕದ ಕಾರ್ಖಾನೆಗಳಲ್ಲಿ ಸಂಬಳ ಏರಿಸಿದವು. ಯಾಕೆ ಏರಿಸಿದವು ಅಂತ ಅಲ್ಲಿನ ಕಾರ್ಮಿಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಕಾರ್ಮಿಕರನ್ನು ಫೇನ್ ಎದುರಾಳಿ ಕಂಪನಿಯ ಆಳುಗಳು ಅನ್ನಲಿಲ್ಲ, ನಾಳೆಯ ಸದಸ್ಯರು ಅಂದರು. ಆ ನವೆಂಬರ್‌ನಲ್ಲೇ ಸಂಘವಿಲ್ಲದ 13 ಕಂಪನಿಗಳ ಸುಮಾರು ಒಂದೂವರೆ ಲಕ್ಷ ಕಾರ್ಮಿಕರನ್ನು ಸೇರಿಸುವ ಕೆಲಸ ಶುರುವಾಯಿತು. ಕೊಳ್ಳುವವನಿಗೆ ಬೈಯುವುದಕ್ಕಿಂತ ಮಾಡುವವನ ಹತ್ತಿರ ಹೋಗೋದು ಇದು. 80ರ ದಶಕದಿಂದ ಪ್ರಯತ್ನಿಸಿ ಮತ್ತೆ ಮತ್ತೆ ಸೋತಿದ್ದ ದಾರಿ.

ಟೆನೆಸ್ಸಿಯ ಚಟ್ಟನೂಗದಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆ 2011ರಿಂದ ನಡೆಯುತ್ತಿದೆ. ಅಲ್ಲಿ ಸಂಘ 2014ರಲ್ಲಿ 712ಕ್ಕೆ 626 ಮತಗಳಿಂದ ಸೋತಿತ್ತು. 2019ರಲ್ಲಿ ಮತ್ತೆ ಸೋತಿತು. 2024ರ ಏಪ್ರಿಲ್‌ನಲ್ಲಿ ಅದೇ ಕಾರ್ಖಾನೆಯಲ್ಲಿ 2,628 ಜನ ಸಂಘ ಬೇಕು ಅಂದರು, 985 ಜನ ಬೇಡ ಅಂದರು. ಹಾಗಾಗಿ ಅಲ್ಲಿ ತಯಾರಾಗುವ ಜರ್ಮನ್ ಕಂಪನಿಯ ಅಟ್ಲಾಸ್ ಕಾರು ಈಗ ಯುಎಡಬ್ಲ್ಯು ಸದಸ್ಯರ ಕೈಯದ್ದು. ಮರು ತಿಂಗಳು ಅಲಬಾಮದ ವ್ಯಾನ್ಸ್‌ನಲ್ಲಿ ಮರ್ಸಿಡಿಸ್ ಕಾರ್ಮಿಕರ ಸರದಿ ಬಂತು. ಅಲ್ಲಿನ ರಾಜ್ಯಪಾಲರು, ಉದ್ಯಮಿಗಳು ಎಲ್ಲ ಸಂಘದ ವಿರುದ್ಧ ಟೊಂಕ ಕಟ್ಟಿ ನಿಂತಿದ್ದರು. 2,045 ಮತ ಪರ, 2,642 ಮತ ವಿರುದ್ಧ. ಮತ್ತೆ ಬರ್ತೀವಿ ಅಂತ ಹೇಳಿ ಸಂಘದವರು ಅಲ್ಲಿಂದ ಹೊರಟರು.